ಗೋಡೆಯ ಮೇಲಿನ ಹೊಕುಸಾಯಿ ‘ಅಲೆ’ ಅಸಲಿಯೇ? ಚಿತ್ರ ಬಿಡಿ, ಕಾಗದ ನೋಡಿ

ಪ್ರಶ್ನೆ: ನಮ್ಮ ಮಾವನವರು ಹಡಗಿನಲ್ಲಿ ಎಂಜಿನಿಯರ್ ಆಗಿದ್ದಾಗ, 1970ರ ದಶಕದಲ್ಲಿ, ಕೋಬೆ ಬಂದರಿನಿಂದ ತಂದ ಜಪಾನಿ ಚಿತ್ರವೊಂದು ಮಂಗಳೂರಿನ ನಮ್ಮ ಮನೆಯಲ್ಲಿದೆ. ದೊಡ್ಡ ಅಲೆ, ಮೂರು ದೋಣಿ, ದೂರದಲ್ಲಿ ಪುಟ್ಟ ಬೆಟ್ಟ. ಹುಡುಕಿದಾಗ ಜಪಾನಿನ ಹಳೆಯ ಕಲಾವಿದ ಹೊಕುಸಾಯಿಯ ‘ಅಲೆ’ ಎಂಬ ಮರದಚ್ಚಿನ ಚಿತ್ರವೆಂದು ಗೊತ್ತಾಯಿತು. ಅಸಲಿಯೋ ಅಲ್ಲವೋ ತಿಳಿಯುವುದು ಹೇಗೆ? ಮರದ ಅಚ್ಚಿನಿಂದ ಇಷ್ಟು ನಯವಾದ ಬಣ್ಣ ಹೇಗೆ ಬರುತ್ತದೆ? ಯೂರೋಪಿನ ದೊಡ್ಡ ಕಲಾವಿದರೆಲ್ಲ ಇದಕ್ಕೆ ಮರುಳಾದರು ಅನ್ನುತ್ತಾರಲ್ಲ, ನಿಜವೇ? ಕಲಾಶಾಲೆಯಲ್ಲಿ ಓದುವ ಮಗಳು ಇದನ್ನು ಮನೆಯಲ್ಲೇ ಮಾಡಿನೋಡುತ್ತೇನೆ ಅನ್ನುತ್ತಿದ್ದಾಳೆ.

ಉತ್ತರ: ಬಂದರಿನ ಅಂಗಡಿಯಲ್ಲಿ 1970ರ ದಶಕದಲ್ಲಿ ಸಿಕ್ಕ ‘ಅಲೆ’ 1831ರ ಸುಮಾರಿನ ಮುದ್ರಣವಾಗಿರುವ ಸಾಧ್ಯತೆ ತೀರ ಕಡಿಮೆ. ಹಾಗೆಂದು ಅದು ಬರೀ ಪೋಸ್ಟರ್ ಎಂದು ತೀರ್ಮಾನಿಸಬೇಡಿ. ಇವೆರಡರ ನಡುವೆ ಮೂರನೆಯ ಜಾತಿಯೊಂದಿದೆ. ಹಳೆಯ ಪ್ರತಿಯನ್ನು ಮುಂದಿಟ್ಟುಕೊಂಡು 20ನೇ ಶತಮಾನದಲ್ಲಿ ಹೊಸ ಹಲಗೆ ಕೆತ್ತಿ, ಹಳೆಯ ಕ್ರಮದಲ್ಲೇ ಕೈಯಿಂದ ಒತ್ತಿದ ಪ್ರತಿಗಳವು. ಟೋಕಿಯೋದ ಅದಾಚಿ ಸಂಸ್ಥೆ 1928ರಿಂದ ಇದನ್ನೇ ಮಾಡಿಕೊಂಡು ಬಂದಿದೆ. ಕ್ಯೋಟೋದ ಉನ್ಸೋದೋ ಕೂಡ ಮರದಚ್ಚಿನ ಹಳೆಯ ಪ್ರಕಾಶಕ ಮನೆ. ನಿಮ್ಮದು ಈ ಜಾತಿಯದಾದರೆ ಕೋಟಿ ಬಾಳುವುದಿಲ್ಲ, ಆದರೆ ಕೈಕೆಲಸವಾಗಿ ಬಹಳ ಒಳ್ಳೆಯದನ್ನೇ ನಿಮ್ಮ ಮಾವನವರು ತಂದಿದ್ದಾರೆ.

ಪರೀಕ್ಷೆಗೆ ಮೊದಲು ಚಿತ್ರವನ್ನು ಚೌಕಟ್ಟಿನಿಂದ ಹೊರತೆಗೆಯಿರಿ. ಹಿಂದಿನ ರಟ್ಟಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಅಲ್ಲಿಗೇ ನಿಲ್ಲಿಸಿ. ಬಿಡಿಯಾಗಿದ್ದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಆಕಾಶದ ಬೂದುಬಣ್ಣವನ್ನೂ ಅಲೆಯ ತಿಳಿನೀಲಿಯನ್ನೂ ನೋಡಿ. ಸಾಲುಸಾಲು ಚುಕ್ಕೆಗಳು, ಅದರಲ್ಲೂ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳು ಸುತ್ತುಗಟ್ಟಿ ಕಂಡರೆ ಅದು ಯಂತ್ರದಲ್ಲಿ ಒತ್ತಿದ ಆಫ್‌ಸೆಟ್ ಮುದ್ರಣ. ಮುಂದಿನ ಪರೀಕ್ಷೆಗಳ ಅಗತ್ಯವೇ ಇಲ್ಲ. ಮರದಚ್ಚಿನಲ್ಲಿ ಚುಕ್ಕೆ ಇರುವುದಿಲ್ಲ. ಬಣ್ಣ ಕಾಗದದ ನಾರಿನೊಳಕ್ಕೆ ಇಳಿದಿರುತ್ತದೆ, ಕೆಲವೆಡೆ ಹಲಗೆಯ ಎಳೆಗಳೂ ಮೂಡಿರುತ್ತವೆ.

ಆಮೇಲೆ ಹಿಂಬದಿ ನೋಡಿ. ಮುಂಭಾಗಕ್ಕಿಂತ ಹಿಂಭಾಗವೇ ಹೆಚ್ಚು ನಿಜ ಹೇಳುತ್ತದೆ. ಕೈಯಿಂದ ಒತ್ತಿದ ಪ್ರತಿಯಲ್ಲಿ ಬಣ್ಣ ಹಿಂದಕ್ಕೆ ಸ್ವಲ್ಪ ಜಿನುಗಿರುತ್ತದೆ, ಒತ್ತುವ ಉಪಕರಣ ಸುತ್ತುಸುತ್ತಾಗಿ ಉಜ್ಜಿದ ಗುರುತೂ ಓರೆ ಬೆಳಕಿನಲ್ಲಿ ಕಾಣುತ್ತದೆ. ಹಿಂಬದಿ ಬೆಳ್ಳಗೆ, ನುಣ್ಣಗೆ ಇದ್ದರೆ ಅನುಮಾನಪಡಿ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಸಿಕ್ಕರೆ ಕತ್ತಲೆಯಲ್ಲಿ ಹಿಡಿದು ನೋಡಿ. ಕಾಗದ ನೀಲಿಬಿಳುಪಾಗಿ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ಆಧುನಿಕ ರಾಸಾಯನಿಕವಿದೆ. ಅಂಥ ಕಾಗದ ಎರಡನೇ ಮಹಾಯುದ್ಧದ ನಂತರದ್ದು.

ಈ ಮೂರೂ ಹಂತ ದಾಟಿದರೆ ರೇಖೆಗಳನ್ನು ಹೋಲಿಸಿ ನೋಡುವ ಕೆಲಸ. ಹಳೆಯ ಪ್ರತಿಗಳ ಅಳತೆ ಸುಮಾರು 26 ಸೆಂ.ಮೀ. ಎತ್ತರ, 38 ಸೆಂ.ಮೀ. ಅಗಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮತ್ತು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಜಾಲತಾಣಗಳಲ್ಲಿ ‘ಅಲೆ’ಯ ದೊಡ್ಡ ಛಾಯಾಚಿತ್ರಗಳಿವೆ. ಅಲೆಯ ತುದಿಯಲ್ಲಿ ಉಗುರಿನಂತೆ ಬಾಗಿದ ನೊರೆಯನ್ನು ಒಂದೊಂದಾಗಿ ಹೋಲಿಸಿ. ಮರುಕೆತ್ತಿದ ಹಲಗೆಯಲ್ಲಿ ಎಲ್ಲೋ ನೊರೆಯ ಒಂದು ಉಗುರು ದಪ್ಪವಾಗಿರುತ್ತದೆ, ಒಂದು ಹನಿ ಜಾಗ ಬದಲಿಸಿರುತ್ತದೆ. ಎಡಮೇಲ್ಭಾಗದಲ್ಲಿ ಶೀರ್ಷಿಕೆಯ ಸುತ್ತ ಇರುವ ಗೆರೆಚೌಕವನ್ನೂ ನೋಡಿ. ಆರಂಭದ ಪ್ರತಿಗಳಲ್ಲಿ ಅದು ಇಡಿಯಾಗಿದೆ; ಸಾವಿರಾರು ಬಾರಿ ಒತ್ತಿ ಹಲಗೆ ಸವೆದಂತೆ ಎಡಗೆರೆ ಮುರಿದಿದೆ. ಆಕಾಶದಲ್ಲಿ ತೆಳು ಗುಲಾಬಿ ಮೋಡವೂ ಮೊದಲ ಪ್ರತಿಗಳಲ್ಲಿ ಚೆನ್ನಾಗಿ ಕಾಣುತ್ತದೆ, ನಂತರದವುಗಳಲ್ಲಿ ಮಾಯವಾಗಿದೆ. ಬೆಲೆ ನಿಲ್ಲುವುದು ಇಂಥ ಕಡೆ. 2023ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 27.6 ಲಕ್ಷ ಡಾಲರಿಗೆ ಹೋದದ್ದು ಮೊದಮೊದಲು ಒತ್ತಿದ ಪ್ರತಿ. ಸವೆದ ಹಲಗೆಯಿಂದ ಬಂದ ಪ್ರತಿ ಹೊಕುಸಾಯಿಯ ಕಾಲದ್ದೇ ಆಗಿದ್ದರೂ ಅದರ ಹತ್ತಿರ ಸುಳಿಯುವುದಿಲ್ಲ.

ಇದರ ಮೂಲ ವರ್ಣಚಿತ್ರ ಯಾವ ಮ್ಯೂಸಿಯಂನಲ್ಲಿದೆ ಎಂದು ಹಲವರು ಕೇಳುತ್ತಾರೆ. ಎಲ್ಲೂ ಇಲ್ಲ. ಕಲಾವಿದ ತೆಳು ಕಾಗದದ ಮೇಲೆ ಶಾಯಿಯಲ್ಲಿ ಬರೆದುಕೊಟ್ಟ ರೇಖಾಚಿತ್ರ ಕೆತ್ತನೆಯಲ್ಲೇ ನಾಶವಾಗುತ್ತಿತ್ತು. ಹೊಕುಸಾಯಿ ಹಲಗೆ ಕೆತ್ತಲಿಲ್ಲ, ಕಾಗದ ಒತ್ತಲಿಲ್ಲ. ಬಂಡವಾಳ ಹಾಕಿ ವಿಷಯ ಆರಿಸುತ್ತಿದ್ದವನು ಪ್ರಕಾಶಕ. ‘ಅಲೆ’ ಸೇರಿರುವ ‘ಫೂಜಿಯ ಮೂವತ್ತಾರು ನೋಟಗಳು’ ಮಾಲಿಕೆಗೆ ಆತ ನಿಶಿಮುರಾಯಾ ಯೋಹಾಚಿ. ಮಾಲಿಕೆ ಚೆನ್ನಾಗಿ ಮಾರಿದ್ದರಿಂದ ಇನ್ನೂ ಹತ್ತು ಸೇರಿಸಿ ಒಟ್ಟು 46 ಚಿತ್ರಗಳಾದವು. ಚಿತ್ರಕಾರ, ಕೆತ್ತುವವ, ಒತ್ತುವವ ಮೂವರೂ ಪ್ರಕಾಶಕನಿಗೆ ದುಡಿಯುತ್ತಿದ್ದರು. ಒಂದು ಹಾಳೆಯ ಬೆಲೆ ಎದೋ (ಇಂದಿನ ಟೋಕಿಯೋ) ನಗರದ ಒಂದು ಬಟ್ಟಲು ನೂಡಲ್ಸ್‌ನ ಆಸುಪಾಸು. ಇದು ಸಂತೆಯ ಸರಕು ಎಂಬುದನ್ನು ಮರೆತರೆ ಈ ಕಲೆಯಲ್ಲಿ ಯಾವುದೂ ಸರಿಯಾಗಿ ಅರ್ಥವಾಗುವುದಿಲ್ಲ.

ಹಲಗೆ ಜಪಾನಿನ ಕಾಡುಚೆರಿ ಮರದ್ದು. ಗಟ್ಟಿ, ಎಳೆ ಒತ್ತು, ಒದ್ದೆಯಾದರೂ ಬೇಗ ಸೊಟ್ಟಗಾಗದು. ಯೂರೋಪಿನ ಸೂಕ್ಷ್ಮ ಕೆತ್ತನೆಗಾರರು ಮರವನ್ನು ಅಡ್ಡ ಕೊಯ್ದ ತುಂಡಿನ ಮೇಲೆ ಕೆತ್ತುತ್ತಿದ್ದರು. ಜಪಾನಿನಲ್ಲಿ ಉದ್ದಕ್ಕೆ ಸೀಳಿದ ಹಲಗೆಯನ್ನೇ ಬಳಸುತ್ತಾರೆ, ಖರ್ಚು ಉಳಿಸಲು ಎರಡೂ ಮೈ ಕೆತ್ತುತ್ತಾರೆ. ರೇಖಾಚಿತ್ರವನ್ನು ಗಂಜಿ ಹಚ್ಚಿದ ಹಲಗೆಗೆ ಕವುಚಿ ಅಂಟಿಸಿ, ಮೇಲಿನ ನಾರನ್ನು ಬೆರಳಿನಿಂದ ಉಜ್ಜಿ ತೆಗೆದು, ತುಸು ಎಣ್ಣೆ ಸವರಿದರೆ ಗೆರೆಗಳು ಕನ್ನಡಿಬಿಂಬವಾಗಿ ಸ್ಪಷ್ಟವಾಗುತ್ತವೆ. ಈಗ ಪ್ರತಿ ಗೆರೆಯ ಎರಡೂ ಪಕ್ಕ ಚಾಕು ಎಳೆಯಬೇಕು. ಚಾಕುವಿನ ಮೊನೆ ಕೆಳಗಿಳಿದಂತೆ ಗೆರೆಯಿಂದ ಆಚೆಗೆ ಸರಿಯಬೇಕು. ಆಗ ಗೆರೆಯ ಬುಡ ಅಗಲವಾಗಿ, ತಲೆ ಕಿರಿದಾಗಿ ಉಳಿಯುತ್ತದೆ. ಮೊನೆ ಗೆರೆಯ ಅಡಿಗೆ ಸರಿದರೆ ಬುಡ ಟೊಳ್ಳಾಗಿ ನೂರು ಪ್ರತಿ ಒತ್ತುವಷ್ಟರಲ್ಲಿ ಗೆರೆ ಉದುರುತ್ತದೆ. ಉಳಿದ ಮರವನ್ನು ಉಳಿ, ಕೊಡತಿಯಿಂದ ತೆಗೆಯುವುದು ಕಿರಿಯರ ಕೆಲಸ. ಹಣೆಯಂಚಿನ ಕೂದಲೆಳೆಗಳನ್ನು, ಒಂದು ಮಿಲಿಮೀಟರಿನೊಳಗೆ ಒಂದಕ್ಕಿಂತ ಹೆಚ್ಚು ಗೆರೆ ಬರುವಂತೆ, ಕೆತ್ತುವುದು ಹಿರಿಯನಿಗೆ ಮಾತ್ರ ಬಿಟ್ಟ ಕೆಲಸ. ಚಿತ್ರಕಾರ ಉತಾಮಾರೊನ ಹೆಂಗಸರ ಚಿತ್ರಗಳಲ್ಲಿ ಆ ಕೂದಲನ್ನು ನೋಡಿ, ಕೆತ್ತಿದವನ ಹೆಸರು ಎಲ್ಲೂ ಇಲ್ಲವಲ್ಲ ಅನ್ನಿಸುತ್ತದೆ.

ರೇಖೆಯ ಹಲಗೆ ಸಿದ್ಧವಾದ ಮೇಲೆ ಅದರಿಂದ ಹಲವು ಕಪ್ಪು ಪ್ರತಿ ಒತ್ತಿ, ಒಂದೊಂದರಲ್ಲಿ ಒಂದೊಂದು ಬಣ್ಣದ ಜಾಗ ಗುರುತಿಸಿ, ಬೇರೆ ಬೇರೆ ಹಲಗೆಗೆ ಅಂಟಿಸಿ ಕೆತ್ತುತ್ತಾರೆ. ಹತ್ತಕ್ಕಿಂತ ಹೆಚ್ಚು ಬಾರಿ ಒತ್ತುವುದು ಅಪರೂಪವೇನಲ್ಲ. ಅಷ್ಟು ಸಲ ಒತ್ತಿದರೂ ಬಣ್ಣ ಗೆರೆ ದಾಟದಿರುವ ಗುಟ್ಟು ‘ಕೆಂತೋ’ ಎಂಬ ಎರಡು ಕಚ್ಚುಗಳಲ್ಲಿದೆ. ಹಲಗೆಯ ಬಲಕೆಳಮೂಲೆಯಲ್ಲಿ ‘ಎಲ್’ ಆಕಾರದ್ದೊಂದು, ಅದೇ ಕೆಳ ಅಂಚಿನಲ್ಲಿ ಎಡಕ್ಕೆ ನೇರಗೆರೆಯದೊಂದು. ಕಾಗದದ ಮೂಲೆಯನ್ನು ಮೊದಲನೆಯದಕ್ಕೂ ಅಂಚನ್ನು ಎರಡನೆಯದಕ್ಕೂ ತಾಗಿಸಿ ಇಳಿಬಿಟ್ಟರೆ ಪ್ರತಿ ಸಲವೂ ಅದೇ ಜಾಗ. ಈ ಕಚ್ಚುಗಳು ರೇಖೆಯ ಹಲಗೆಯಿಂದಲೇ ಬಣ್ಣದ ಹಲಗೆಗಳಿಗೆ ಮುದ್ರಣವಾಗಿ ಹೋಗುತ್ತವೆ, ಕಣ್ಣಳತೆಗೆ ಅವಕಾಶವೇ ಇಲ್ಲ. 1765ರಲ್ಲಿ ಸುಜುಕಿ ಹಾರುನೊಬುವಿನ ಚಿತ್ರ ಪಂಚಾಂಗಗಳ ಮೂಲಕ ಬಹುವರ್ಣ ಮುದ್ರಣ ಬೆಳೆದದ್ದು ಈ ನಿಖರತೆಯ ಬಲದಿಂದ. ಅದಕ್ಕೆ ಮೊದಲು ಕಪ್ಪು ಗೆರೆಗೆ ಕೈಯಿಂದ ಬಣ್ಣ ತುಂಬುತ್ತಿದ್ದರು, ಇಲ್ಲವೇ ಎರಡು ಮೂರು ಬಣ್ಣಕ್ಕೆ ನಿಲ್ಲಿಸುತ್ತಿದ್ದರು.

ನಮ್ಮಲ್ಲಿ ಬಟ್ಟೆಗೆ ಅಚ್ಚು ಹಾಕುವಾಗ ಅಚ್ಚನ್ನು ಎತ್ತಿ ಬಟ್ಟೆಯ ಮೇಲೆ ಕುಟ್ಟುತ್ತಾರೆ. ಜಪಾನಿನಲ್ಲಿ ಹಲಗೆ ಕದಲುವುದಿಲ್ಲ, ಕಾಗದವೇ ಅದರ ಮೇಲೆ ಬಂದು ಕೂರುತ್ತದೆ. ಹಲಗೆಗೆ ನೀರಿನಲ್ಲಿ ಕಲಸಿದ ಬಣ್ಣ, ಚೂರು ಅಕ್ಕಿಗಂಜಿ ಹಾಕಿ ಕುದುರೆಕೂದಲ ಬ್ರಷ್ಷಿನಿಂದ ಹರಡಿ, ತೇವ ಮಾಡಿದ ಕಾಗದ ಇಟ್ಟು, ಹಿಂಬದಿಯಿಂದ ‘ಬಾರೆನ್’ ಎಂಬ ದುಂಡು ಬಿಲ್ಲೆಯಲ್ಲಿ ಉಜ್ಜುತ್ತಾರೆ. ಬಾರೆನ್ನಿನ ಒಳಗೆ ಬಿದಿರ ಮೊಳಕೆಯ ಹೊರಪೊರೆಯನ್ನು ಸೀಳಿ ಹೊಸೆದ ಹುರಿಯ ಸುರುಳಿ ಇರುತ್ತದೆ, ಮೇಲೆ ಅದೇ ಪೊರೆಯ ಹೊದಿಕೆ. ಆ ಹುರಿಯ ಗಂಟುಗಂಟುಗಳೇ ಕಾಗದದ ಮೇಲೆ ಸಾವಿರ ಚಿಕ್ಕ ಬಿಂದುಗಳಾಗಿ ಒತ್ತಿ ಬಣ್ಣವನ್ನು ನಾರಿನೊಳಕ್ಕೆ ದೂಡುತ್ತವೆ. ನೀವು ಕೇಳಿದ ನಯ ಬರುವುದು ಇಲ್ಲಿಂದ. ಎಣ್ಣೆಶಾಯಿಯಂತೆ ಬಣ್ಣ ಮೇಲೆ ಪದರಾಗಿ ಕೂರುವುದಿಲ್ಲ.

ಕಡುನೀಲಿಯಿಂದ ತಿಳಿಗೆ ಕರಗುವ ಆಕಾಶಕ್ಕೆ ಬೇರೆ ಹಲಗೆಯೇನೂ ಬೇಡ. ಹಲಗೆಯ ಆ ಭಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬ್ರಷ್ಷಿನ ಒಂದು ತುದಿಗೆ ಮಾತ್ರ ಬಣ್ಣ ತಾಗಿಸಿ ಅಡ್ಡಕ್ಕೆ ಎಳೆದರೆ ಬಣ್ಣ ತಾನೇ ತೆಳುವಾಗುತ್ತ ಹೋಗುತ್ತದೆ. ಇದು ‘ಬೊಕಾಶಿ’. ಪ್ರತಿ ಹಾಳೆಗೂ ಹೊಸದಾಗಿ ಮಾಡಬೇಕಾದ್ದರಿಂದ ಎರಡು ಪ್ರತಿ ಒಂದೇ ತರ ಇರುವುದಿಲ್ಲ. ಹೊಕುಸಾಯಿಯ ಸಮಕಾಲೀನ ಚಿತ್ರಕಾರ ಹಿರೋಶಿಗೆಯ ಚಿತ್ರಗಳ ಮೊದಲ ಮುದ್ರಣಗಳಲ್ಲಿ ಬೊಕಾಶಿ ಹೇರಳ. ಬೇಡಿಕೆ ಏರಿ ಆತುರಕ್ಕೆ ಒತ್ತಿದ ಪ್ರತಿಗಳಲ್ಲಿ ಪ್ರಕಾಶಕರು ಅದನ್ನೇ ಮೊದಲು ಕೈಬಿಟ್ಟರು. ಕಾಲ ಗುರುತಿಸಲು ಇದೂ ಒಂದು ದಾರಿ.

ಬಣ್ಣಗಳೂ ಕಾಲ ಹೇಳುತ್ತವೆ. ಹಳೆಯ ಕೆಂಪು ಕುಸುಬೆ ಹೂವಿನದು, ವಿಜಯಪುರ, ಬಾಗಲಕೋಟೆ ಕಡೆ ಎಣ್ಣೆಗಾಗಿ ಬೆಳೆಯುವ ಅದೇ ಕುಸುಬೆ. ಬಿಸಿಲಿಗೆ ಅದು ಬೇಗ ಸೋಲುತ್ತದೆ. ಹೂವಿನಿಂದ ತೆಗೆದ ಹಳೆಯ ನೀಲಿ ಇನ್ನೂ ನಾಜೂಕು, ನೀರು ಬಿದ್ದರೂ ಹೋಗುತ್ತದೆ. 18ನೇ ಶತಮಾನದ ಚಿತ್ರಗಳಲ್ಲಿ ನದಿ, ಆಕಾಶ ಕಂದುಹಳದಿಯಾಗಿ ಕಂಡರೆ ಅದು ಕಲಾವಿದನ ಕಲ್ಪನೆಯಲ್ಲ, ಮಾಸಿದ ನೀಲಿ. ಬರ್ಲಿನ್‌ನಲ್ಲಿ ಹುಟ್ಟಿದ ಪ್ರಶ್ಯನ್ ನೀಲಿ 1820ರ ದಶಕದ ಕೊನೆಗೆ ಜಪಾನಿನಲ್ಲಿ ಕೈಗೆಟುಕುವ ಬೆಲೆಗೆ ಬಂತು. ಅದು ಸುಲಭಕ್ಕೆ ಮಾಸುವುದಿಲ್ಲ, ಬೊಕಾಶಿಗೆ ಹೇಳಿಮಾಡಿಸಿದಂತಿದೆ. ಫೂಜಿ ಮಾಲಿಕೆಯನ್ನು ಹೊಸ ನೀಲಿಯ ಆಕರ್ಷಣೆಯ ಮೇಲೆಯೇ ಮಾರಿದರು. ‘ಅಲೆ’ಯ ಹೊರರೇಖೆಯೂ ಕಪ್ಪಲ್ಲ, ಗಾಢ ನೀಲಿ. ಕಣ್ಣು ಕುಕ್ಕುವ ನೇರಳೆ, ಕೆಂಪು ಕಂಡರೆ ಅದು 1860ರ ದಶಕದ ನಂತರ ಬಂದ ಅನಿಲೀನ್ ಎಂಬ ಕೃತಕ ಬಣ್ಣ. ‘ಅಲೆ’ಯಲ್ಲಿ ಅಂಥದ್ದು ಇದ್ದರೆ ಹೊಕುಸಾಯಿಯ ಕಾಲದ್ದಲ್ಲ ಎಂದು ಕಣ್ಣುಮುಚ್ಚಿ ಹೇಳಬಹುದು, ಅವರು ತೀರಿಕೊಂಡದ್ದು 1849ರಲ್ಲಿ.

ಯೂರೋಪಿನ ಮಾತಿಗೆ ಬರೋಣ. ಪಿಂಗಾಣಿಗೆ ಸುತ್ತಿದ ರದ್ದಿಯಾಗಿ ಈ ಚಿತ್ರಗಳು ಪ್ಯಾರಿಸ್ ಸೇರಿದವು ಎಂಬ ಕಥೆ ಎಲ್ಲರ ಬಾಯಲ್ಲೂ ಇದೆ. ಅದಕ್ಕೆ ಇರುವುದಕ್ಕಿಂತ ಹೆಚ್ಚು ತೂಕ ಕೊಡುತ್ತೇವೆ. ಪ್ರಭಾವ ಹರಡಿದ್ದು ವ್ಯಾಪಾರದಿಂದ. 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಜಪಾನ್ ಅಧಿಕೃತವಾಗಿ ಭಾಗವಹಿಸಿತು. 1878ರ ಪ್ರದರ್ಶನಕ್ಕೆ ದುಭಾಷಿಯಾಗಿ ಬಂದ ಹಯಾಶಿ ತದಮಾಸಾ ಅಲ್ಲೇ ನಿಂತು ದೊಡ್ಡ ವರ್ತಕನಾದ. ಅವನ ಪುಟ್ಟ ಮೊಹರು ಬಿದ್ದ ಪ್ರತಿಗೆ ಇಂದಿಗೂ ಬೆಲೆ ಹೆಚ್ಚು. ವಿನ್ಸೆಂಟ್ ವಾನ್ ಗೋ ಪ್ಯಾರಿಸ್ಸಿನ ಸೀಗ್‌ಫ್ರೀಡ್ ಬಿಂಗ್ ಅಂಗಡಿಯಿಂದ ಕಂತೆಗಟ್ಟಲೆ ಕೊಂಡರು. 1887ರಲ್ಲಿ ಹಿರೋಶಿಗೆಯ ‘ಎದೋದ ನೂರು ಪ್ರಸಿದ್ಧ ನೋಟಗಳು’ ಮಾಲಿಕೆಯ ಎರಡು ಚಿತ್ರಗಳನ್ನು, ಕಮೇಯಿದೋದ ಪ್ಲಮ್ ತೋಟ ಮತ್ತು ಸೇತುವೆಯ ಮೇಲಿನ ಹಠಾತ್ ಮಳೆ, ಎಣ್ಣೆಬಣ್ಣದಲ್ಲಿ ನಕಲು ಮಾಡಿದರು. ಮಳೆಚಿತ್ರದ ಮೂಲವನ್ನೂ ನಕಲನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಿರೋಶಿಗೆಯ ಮಳೆ ಹಲಗೆಯಲ್ಲಿ ಕೂದಲಿನಷ್ಟು ಸಣ್ಣಗೆ ಉಳಿಸಿದ ಗೆರೆ. ವಾನ್ ಗೋ ಅದನ್ನು ಬ್ರಷ್ಷಿನ ಹೊಡೆತಗಳಲ್ಲಿ ಹಿಡಿಯಲು ಹೆಣಗುತ್ತಾರೆ, ನೀರು ಕುದಿಯತೊಡಗುತ್ತದೆ.

ಅವರೆಲ್ಲ ಕಲಿತದ್ದೇನು? ನನ್ನ ಮಟ್ಟಿಗೆ ಉತ್ತರ ಮತ್ತೆ ಹಲಗೆಯಲ್ಲೇ ಇದೆ. ಒಂದು ಹಲಗೆಗೆ ಒಂದು ಬಣ್ಣ, ಹಾಗಾಗಿ ಚಪ್ಪಟೆ ಬಣ್ಣದ ಹರವು. ನೆರಳು ತೋರಿಸಲು ಇನ್ನೊಂದು ಹಲಗೆ, ಇನ್ನಷ್ಟು ಖರ್ಚು, ಹಾಗಾಗಿ ನೆರಳೇ ಇಲ್ಲ. ಆಕಾರ ನಿಲ್ಲಬೇಕಾದರೆ ಹೊರರೇಖೆ ಬಿಗಿಯಾಗಿರಬೇಕು. ಅಂಗಡಿಯಲ್ಲಿ ನೇತುಹಾಕಿದಾಗ ದಾರಿಹೋಕ ತಿರುಗಿ ನೋಡಬೇಕು, ಅದಕ್ಕೇ ಎದುರಿಗೆ ಅರ್ಧ ಕತ್ತರಿಸಿದ ಮರದ ಕಾಂಡ, ಅದರ ಸಂದಿಯಲ್ಲಿ ದೂರದ ಊರು. ಕಸುಬಿನ ಈ ಕಟ್ಟುಪಾಡುಗಳನ್ನು ಎಣ್ಣೆಬಣ್ಣದವರು ಸ್ವಇಚ್ಛೆಯಿಂದ ಎತ್ತಿಕೊಂಡರು. ಫ್ರಾನ್ಸಿನ ಕಲಾವಿದ ತುಲೂಸ್ ಲೊತ್ರೆಕ್‌ನ ಪೋಸ್ಟರುಗಳಲ್ಲಿ ಇದು ಅತ್ಯಂತ ಸಹಜವಾಗಿ ಕೂತಿದೆ. ಅವೂ ಬೀದಿಗೆ ಮಾಡಿದ, ಎಣಿಸಿ ಬಣ್ಣ ಹಾಕಿದ ಮುದ್ರಣಗಳೇ ತಾನೆ. ಚಿತ್ರಕಾರ್ತಿ ಮೇರಿ ಕಸಾಟ್ 1890ರಲ್ಲಿ ಪ್ಯಾರಿಸ್ಸಿನ ದೊಡ್ಡ ಜಪಾನಿ ಪ್ರದರ್ಶನ ನೋಡಿ ಮಾಡಿದ ಹತ್ತು ವರ್ಣಮುದ್ರಣಗಳು, ಚಿತ್ರಕಾರ ಕ್ಲೋದ್ ಮೊನೆಯ ಜಿವರ್ನಿ ಮನೆಯ ಗೋಡೆತುಂಬ ಇರುವ ಸಂಗ್ರಹ, 1905ರಲ್ಲಿ ಸಂಗೀತಕಾರ ಡೆಬ್ಯುಸಿಯ ‘ಲಾ ಮೇರ್’ (ಸಮುದ್ರ) ಸ್ವರಲಿಪಿಯ ಮುಖಪುಟದಲ್ಲಿ ಬಂದ ಅಲೆ, ಹೀಗೆ ಪಟ್ಟಿ ಉದ್ದವಿದೆ. ಇದನ್ನು ಒಮ್ಮುಖದ ದಾನವೆಂದು ಬರೆಯುವವರು ಒಂದು ಸಂಗತಿ ಬಿಡುತ್ತಾರೆ: ‘ಅಲೆ’ಯಲ್ಲಿ ಫೂಜಿ ಬೆಟ್ಟವನ್ನು ಅಷ್ಟು ಚಿಕ್ಕದಾಗಿಸಿದ, ದೂರದ್ದನ್ನು ಕಿರಿದಾಗಿ ತೋರಿಸುವ ಕ್ರಮ (ಪರ್ಸ್ಪೆಕ್ಟಿವ್) ಯೂರೋಪಿನ ಮುದ್ರಣಗಳಿಂದ ಜಪಾನಿಗೆ ಬಂದದ್ದು, ನೀಲಿ ಬರ್ಲಿನ್ನಿನದು. ಇಂದಿನ ಜಪಾನಿ ಕಾಮಿಕ್ಸ್ ನೇರವಾಗಿ ಇದರಿಂದಲೇ ಹುಟ್ಟಿತು ಎಂಬ ಮಾತಂತೂ ತೀರ ಸಲೀಸಾದದ್ದು. ಪತ್ರಿಕೆ, ಸಿನಿಮಾಗಳ ಪಾಲು ಅದರಲ್ಲಿ ದೊಡ್ಡದು.

ತವರಿನಲ್ಲಿ ಲಿಥೋಗ್ರಾಫ್ (ಕಲ್ಲಚ್ಚು), ಛಾಯಾಚಿತ್ರ, ಪತ್ರಿಕೆಗಳ ಮುಂದೆ ಈ ಉದ್ಯಮ ಕುಸಿಯಿತು. 20ನೇ ಶತಮಾನದಲ್ಲಿ ಪ್ರಕಾಶಕ ವತನಾಬೆ ಶೋಜಾಬುರೊ ಹಳೆಯ ಕೆಲಸಹಂಚಿಕೆಯನ್ನೇ ಹಿಡಿದು ಕವಾಸೆ ಹಾಸುಯಿ ಮೊದಲಾದವರಿಂದ ಹೊಸ ಚಿತ್ರ ಮಾಡಿಸಿದರು. 1923ರ ಭೂಕಂಪದಲ್ಲಿ ಅವರ ಹಲಗೆಗಳೆಲ್ಲ ಸುಟ್ಟುಹೋದವು, ಮತ್ತೆ ಶುರುಮಾಡಿದರು. ಯೋಶಿದಾ ಹಿರೋಶಿ ಅದೇ ಕಾಲದವರು. ಭಾರತ ಸುತ್ತಿ ಹೋಗಿ 1931–32ರಲ್ಲಿ ತಾಜ್ ಮಹಲ್, ಎಲ್ಲೋರ, ಮಧುರೆಯ ದೇವಾಲಯಗಳ ಮುದ್ರಣ ಮಾಡಿದರು. ಇವು ಆಗಾಗ ಮಾರಾಟಕ್ಕೆ ಬರುತ್ತವೆ. ಕೊಳ್ಳುವ ಪ್ರಸಂಗ ಬಂದರೆ ಅಂಚಿನಲ್ಲಿ ‘ಜಿಜುರಿ’ (ಸ್ವತಃ ಒತ್ತಿದ್ದು) ಮೊಹರು, ಕೆಳಗೆ ಪೆನ್ಸಿಲ್ ಸಹಿ ಇದೆಯೇ ನೋಡಿ. ಅವೆರಡೂ ಇದ್ದರೆ ಅವರ ಜೀವಿತಾವಧಿಯಲ್ಲಿ, ಅವರ ಕಣ್ಗಾವಲಿನಲ್ಲಿ ಒತ್ತಿದ್ದು. ಪೆನ್ಸಿಲ್ ಸಹಿಯಂತೆ ಕಾಣುವುದೂ ಅಚ್ಚಿನದಾದರೆ ಸಾಮಾನ್ಯವಾಗಿ ನಂತರದ್ದು.

ನಿಮ್ಮ ಮಗಳಿಗೆ: ಅಂಗೈ ಅಗಲದ ಚಿತ್ರ, ಒಂದು ರೇಖೆಯ ಹಲಗೆ, ಎರಡು ಬಣ್ಣದ ಹಲಗೆ, ಅಷ್ಟಕ್ಕೇ ಮೊದಲು ಕೈಹಾಕಲಿ. ಚೆರಿ ಮರ ಬೇಕಿಲ್ಲ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರದ ಹಲಗೆ ಸಿಕ್ಕರೆ ಸೊಗಸಾಗಿ ಕೆತ್ತಬಹುದು, ಇಲ್ಲದಿದ್ದರೆ ಗಂಟಿಲ್ಲದ ನಯ ಪ್ಲೈವುಡ್. ಚಿತ್ರದಿಂದ ಒಂದು ಸೆಂ.ಮೀ. ದೂರದಲ್ಲಿ ಕೆಂತೋ ಕಚ್ಚು, ಆಳ ಒಂದು ಮಿ.ಮೀ. ಸಾಕು. ಗೆರೆಯ ಹತ್ತಿರ ಎರಡು ಮೂರು ಮಿ.ಮೀ. ಆಳ ತೆಗೆದರೆ ನಡೆಯುತ್ತದೆ. ಬಯಲು ಜಾಗ ಅಗಲವಾದಷ್ಟೂ ಆಳ ಹೆಚ್ಚಬೇಕು, ಇಲ್ಲವಾದರೆ ತೇವದ ಕಾಗದ ಜೋಲಿ ತಳದ ಬಣ್ಣ ಹತ್ತುತ್ತದೆ. ಒಂದು ಚಮಚ ಅಕ್ಕಿಹಿಟ್ಟಿಗೆ ಐದಾರು ಚಮಚ ನೀರು ಹಾಕಿ ಅರೆಪಾರದರ್ಶಕವಾಗುವವರೆಗೆ ಕಾಯಿಸಿದರೆ ಗಂಜಿ ಸಿದ್ಧ. ಹಲಗೆಗೆ ಬಟಾಣಿಕಾಳಿನಷ್ಟು ಹಾಕಿದರೆ ಸಾಕು. ಬಣ್ಣಕ್ಕೆ ಟ್ಯೂಬಿನ ಜಲವರ್ಣ, ಕಾಗದಕ್ಕೆ ಉದ್ದ ನಾರಿನ ಕೈಕಾಗದ. ಅದಕ್ಕೆ ಸರೇಸು, ಪಟಿಕದ ತೆಳು ಲೇಪ ಆಗಿರಬೇಕು. ಇಲ್ಲದಿದ್ದರೆ ಬಣ್ಣ ಒಡೆದು ಹರಡುತ್ತದೆ, ಮೈ ಜುಂಗುಜುಂಗಾಗಿ ಏಳುತ್ತದೆ. ಹಿಂದಿನ ರಾತ್ರಿಯೇ ಹಾಳೆಗಳನ್ನು ಒದ್ದೆ ಕಾಗದಗಳ ನಡುವೆ ಪೇರಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಲಿ. ಮುಟ್ಟಿದರೆ ತಂಪೆನಿಸಬೇಕು, ಹೊಳೆಯಬಾರದು.

ಮೊದಲು ರೇಖೆ, ಆಮೇಲೆ ತಿಳಿಬಣ್ಣ, ಕೊನೆಗೆ ಗಾಢ ಬಣ್ಣ ಮತ್ತು ಬೊಕಾಶಿ. ಎಳ್ಳು ಚೆಲ್ಲಿದಂತೆ ಬಿಳಿಚುಕ್ಕೆ ಉಳಿದರೆ ಗಂಜಿ ಸಾಲದು, ಇಲ್ಲವೇ ಕಾಗದ ಒಣಗಿದೆ. ಬಣ್ಣದ ಅಂಚಿನಲ್ಲಿ ಕಪ್ಪುಗಟ್ಟಿದ ಗೆರೆ ಬಂದರೆ ನೀರು ಹೆಚ್ಚಾಗಿದೆ. ಎಲ್ಲ ಹಾಳೆಗಳಲ್ಲೂ ಬಣ್ಣ ಒಂದೇ ದಿಕ್ಕಿಗೆ ಸರಿದರೆ ಕಚ್ಚು ತಪ್ಪಾಗಿದೆ. ಒಂದೊಂದರಲ್ಲಿ ಒಂದೊಂದು ತರ ಸರಿದರೆ ಕಾಗದ ನಡುವೆ ಒಣಗಿ ಕುಗ್ಗಿದೆ. ಎರಡನೆಯದೇ ಹೆಚ್ಚು, ಫ್ಯಾನ್ ಹಾಕಿಕೊಂಡು ಒತ್ತಿದರೆ ಖಂಡಿತ. ಮಳೆಗಾಲದಲ್ಲಿ ತೇವದ ಹಾಳೆ ಎರಡು ದಿನಕ್ಕೇ ಬೂಷ್ಟು ಹಿಡಿಯುತ್ತದೆ, ಕೆಲಸ ಮುಗಿಯದಿದ್ದರೆ ಫ್ರಿಜ್ಜಿನಲ್ಲಿಡಿ.

ಇದೇ ಬೂಷ್ಟು ನಿಮ್ಮ ‘ಅಲೆ’ಗೂ ದೊಡ್ಡ ಶತ್ರು. ಹೊರಗೋಡೆಗೆ ಹಾಕಬೇಡಿ, ಮಂಗಳೂರಿನ ಜೂನ್–ಜುಲೈನಲ್ಲಿ ಆ ಗೋಡೆಯೇ ಬೆವರುತ್ತದೆ. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಆಮ್ಲರಹಿತ ರಟ್ಟಿನ ಅಂಚು ಇರಲಿ. ಟೇಪ್, ಫೆವಿಕಾಲ್, ಲ್ಯಾಮಿನೇಷನ್ ಯಾವುದೂ ಬೇಡ. ಮೇಲಂಚಿನಲ್ಲಿ ತೆಳು ಜಪಾನಿ ಕಾಗದದ ಎರಡು ಪಟ್ಟಿಯನ್ನು ಗೋಧಿಗಂಜಿಯಿಂದ ಅಂಟಿಸಿ ನೇತುಬಿಟ್ಟರೆ ಸಾಕು, ಬೇಕಾದಾಗ ನೀರು ಸೋಕಿಸಿ ಬಿಡಿಸಬಹುದು. ಮ್ಯೂಸಿಯಂಗಳು ಇಂಥ ಚಿತ್ರಕ್ಕೆ 50 ಲಕ್ಸ್‌ನಷ್ಟು ಮಂದ ಬೆಳಕು ಕೊಟ್ಟು, ಕೆಲವು ತಿಂಗಳಿಗೇ ಒಳಗಿಡುತ್ತವೆ. ಮನೆಯಲ್ಲಿ ಕಿಟಕಿಯ ಬಿಸಿಲು ತಾಗದ ಒಳಗೋಡೆ ಹುಡುಕಿ. ಎಲ್ಲ ಪರೀಕ್ಷೆಯೂ ದಾಟಿ ನಿಜಕ್ಕೂ ಹಳೆಯದಿರಬಹುದು ಎನ್ನಿಸಿದರೆ ಕಲೆ ತೆಗೆಯಲು, ಅಂಚು ಕತ್ತರಿಸಲು ಹೋಗದೆ, ಮುಂಭಾಗ, ಹಿಂಭಾಗ, ಶೀರ್ಷಿಕೆಯ ಚೌಕ ಮತ್ತು ನಾಲ್ಕೂ ಅಂಚುಗಳ ಫೋಟೋ ಹಗಲು ಬೆಳಕಿನಲ್ಲಿ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಜಪಾನಿ ಮುದ್ರಣಗಳ ವಿಭಾಗವಿರುವ ಹರಾಜು ಸಂಸ್ಥೆಗೆ ಕಳಿಸಿ.